ಹಿಗ್ಗದ ಬಟ್ಟೆಯ ಹಿಡಿತ

ನಡುವನ್ನು ಸಣ್ಣಗೆ ತೋರಿಸುವ ಎಷ್ಟೋ ಉಡುಪು ಈಗ ಕಾರ್ಸೆಟ್ ಎಂಬ ಹೆಸರಲ್ಲೇ ಮಾರಾಟವಾಗುತ್ತದೆ. ಲ್ಯಾಟೆಕ್ಸ್‌ನ ವೇಸ್ಟ್ ಟ್ರೈನರ್, ಲೈಕ್ರಾದ ಗರ್ಡಲ್, ಸೀರೆಯೊಳಗೆ ಲಂಗದ ಬದಲು ತೊಡುವ ಶೇಪ್‌ವೇರ್ ಎಲ್ಲವೂ ಮೈಯನ್ನು ಅಮುಕುತ್ತವೆ, ನಿಜ. ಆದರೆ ಅವುಗಳ ಬಲವಿರುವುದು ಹಿಗ್ಗುವುದರಲ್ಲಿ. ಕಾರ್ಸೆಟ್‌ನ ಬಲವಿರುವುದು ಹಿಗ್ಗದಿರುವುದರಲ್ಲಿ.

ಹಿಗ್ಗುವ ಬಟ್ಟೆ ಉಂಡ ಹೊಟ್ಟೆಗೆ, ಬಗ್ಗಿದ ಬೆನ್ನಿಗೆ, ಒಳಗೆಳೆದ ಉಸಿರಿಗೆ ಒಂದಿಷ್ಟು ಬಿಟ್ಟುಕೊಡುತ್ತದೆ. ಕೂಟಿಲ್ ಎಂಬ ಒತ್ತು ನೇಯ್ಗೆಯ ಬಟ್ಟೆಯಿಂದ ಹೊಲಿದ ಕಾರ್ಸೆಟ್ ಬಿಟ್ಟುಕೊಡುವುದಿಲ್ಲ. ಬೆನ್ನ ಹಿಂದಿನ ದಾರ ಎಳೆದು ಗಂಟು ಹಾಕಿದರೆ ಸುತ್ತಳತೆ ಅಲ್ಲಿಗೆ ನಿಂತಿತು. ಇನ್ನು ಹೊಂದಿಕೊಳ್ಳಬೇಕಾದ್ದು ಮೈ.

ಕಾರ್ಸೆಟ್‌ನ ಬಟ್ಟೆಯೊಳಗೆ ತೂರಿಸಿದ ಕಡ್ಡಿಗಳೇ ನಡುವನ್ನು ಹಿಂಡುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ಹಿಂಡುವುದು ಬಟ್ಟೆ ಮತ್ತು ದಾರ. ಬಿಗಿದ ಬಟ್ಟೆ ನಡುವಿನಲ್ಲಿ ಮುದುಡಿ, ಹಗ್ಗದಂತಾಗಿ ಮೈಯನ್ನು ಕೊರೆಯದಿರಲಿ ಎಂದು ಅದನ್ನು ನೆಟ್ಟಗೆ ಹಿಡಿದಿಡುವುದಷ್ಟೇ ಕಡ್ಡಿಯ ಕೆಲಸ. ಕಡ್ಡಿಯಿಲ್ಲದ ಗರ್ಡಲ್‌ನ ಅಂಚು ಸುರುಳಿ ಸುತ್ತಿಕೊಳ್ಳುವುದು ಇದೇ ಕಾರಣಕ್ಕೆ. 18ನೇ ಶತಮಾನದ ಯುರೋಪಿನಲ್ಲಿ ಕಾರ್ಸೆಟ್‌ನ ಹಿಂದಿನ ರೂಪವಾದ ಸ್ಟೇಸ್ ಎಂಬ ಉಡುಪಿಗೆ ಕಡ್ಡಿಗಳಾಗಿ ತಿಮಿಂಗಿಲದ ಬಾಯೊಳಗಿನ ಬಲೀನ್ ಪಟ್ಟಿಗಳನ್ನು ಒತ್ತೊತ್ತಾಗಿ ತೂರಿಸುತ್ತಿದ್ದರು. ತಿಮಿಂಗಿಲದ ಮೂಳೆ ಎಂದು ಕರೆದರೂ ಅದು ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್. ಸ್ಟೇಸ್ ಮುಂಡವನ್ನು ಶಂಕುವಿನ ಆಕಾರಕ್ಕೆ ತರುತ್ತಿತ್ತು. ಮರಳು ಗಡಿಯಾರದಂಥ ನಡು 19ನೇ ಶತಮಾನದ್ದು. ದಾರ ಪೋಣಿಸುವ ತೂತುಗಳಿಗೆ ಲೋಹದ ಬಳೆ ಬಂದ ಮೇಲೆ ಬಟ್ಟೆ ಹರಿಯದಂತೆ ಇನ್ನಷ್ಟು ಜಗ್ಗಲು ಸಾಧ್ಯವಾಯಿತು.

ಜಗ್ಗಿದರೆ ಮಾಂಸ ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಬಹುಪಾಲು ನೀರು, ಹಾಗಾಗಿ ಕುಗ್ಗುವುದಿಲ್ಲ, ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ನನಗೆ ಬಹಳ ಇಷ್ಟವಾದದ್ದು. ನಡುವಿನ ಅಡ್ಡ ಸೀಳು ದುಂಡಗಿಲ್ಲ, ಅಂಡಾಕಾರದಲ್ಲಿದೆ. ಅಗಲ 30 ಸೆಂ.ಮೀ., ಹಿಂದುಮುಂದಿನ ದಪ್ಪ 20 ಸೆಂ.ಮೀ. ಎಂದುಕೊಳ್ಳಿ. ಸುತ್ತಳತೆ ಸುಮಾರು 79 ಸೆಂ.ಮೀ. ಆಗುತ್ತದೆ. ಅಷ್ಟೇ ವಿಸ್ತೀರ್ಣವನ್ನು ಪೂರ್ತಿ ದುಂಡಗೆ ಮಾಡಿದರೆ ಸುತ್ತಳತೆ 77ಕ್ಕೆ ಇಳಿದೀತು, ಬರೀ 2 ಸೆಂ.ಮೀ. ವ್ಯತ್ಯಾಸ. ಆದರೆ ಎದುರಿನಿಂದ ಕಾಣುವ ಅಗಲ ಸುಮಾರು 24.5 ಸೆಂ.ಮೀ.ಗೆ ಬಂದಿರುತ್ತದೆ! ಹಳೆಯ ಚಿತ್ರಗಳಲ್ಲಿ ನಡು ಅಷ್ಟು ಸಣ್ಣಗೆ ಕಾಣುವುದರಲ್ಲಿ ಈ ದುಂಡಗಾಗುವಿಕೆಯ ಪಾಲೂ ಇದೆ. ಮೈಯನ್ನು ಹೀಗೆ ತಿದ್ದುವಷ್ಟು ಎಳೆತ ಬಂದಾಗ ಎಲಾಸ್ಟಿಕ್ ತಾನೇ ಹಿಗ್ಗಿಬಿಡುತ್ತದೆ.

ಬಿಟ್ಟುಕೊಡದ ಉಡುಪಿಗೆ ಬೆಲೆ ತೆರುವುದು ಉಸಿರು. ಕೆಳಗಿನ ಪಕ್ಕೆಲುಬುಗಳು ಅರಳಲಾರವು, ವಪೆ ಇಳಿಯಲು ಜಾಗ ಸಾಲದು. ಎದೆಯ ಮೇಲ್ಭಾಗದಲ್ಲೇ ಉಸಿರಾಡಬೇಕು. ಜರ್ಮನಿಯ ಅಂಗರಚನಾ ತಜ್ಞ ಸಾಮ್ಯುಯೆಲ್ ಥಾಮಸ್ ಸೊಮ್ಮೆರಿಂಗ್ 18ನೇ ಶತಮಾನದ ಕೊನೆಯಲ್ಲೇ ಇಂಥ ಬಿಗಿ ಉಡುಪಿನ ಕೆಡುಕುಗಳ ಬಗ್ಗೆ ಬರೆದಿದ್ದ. ಆದರೂ ಉಡುಪು ಸಡಿಲವಾಗಲು 20ನೇ ಶತಮಾನ ಬರಬೇಕಾಯಿತು. 1930ರ ದಶಕದಲ್ಲಿ ಬಟ್ಟೆ ಸುತ್ತಿದ ರಬ್ಬರ್ ದಾರ ಲಾಸ್ಟೆಕ್ಸ್ ಬಂತು. 1958ರಲ್ಲಿ ಡುಪಾಂಟ್‌ನ ಜೋಸೆಫ್ ಶಿವರ್ಸ್ ಸ್ಪಾಂಡೆಕ್ಸ್ ನೂಲನ್ನು ರೂಪಿಸಿದರು. ಇಂದಿನ ಶೇಪ್‌ವೇರ್ ಈ ಎರಡರ ಸಂತಾನ.

ಕಾರ್ಸೆಟ್‌ನ ನಿಜವಾದ ಬಂಧುವನ್ನು ಹುಡುಕಬೇಕಾದ್ದು ಮೂಳೆ ವೈದ್ಯರ ಬಳಿ. ವಕ್ರಗೊಳ್ಳುತ್ತಿರುವ ಬೆನ್ನುಮೂಳೆಗೆ ಆಸರೆಯಾಗಿ ಬೆಳೆಯುವ ಮಕ್ಕಳಿಗೆ ತೊಡಿಸುವ ಗಟ್ಟಿ ಬ್ರೇಸ್ ಕೂಡ ತಾನು ಹಿಗ್ಗದೆ, ಮೈಯನ್ನು ತನ್ನ ಆಕಾರದತ್ತ ಒತ್ತುತ್ತದೆ.