ಶಾಸನಸೂಚಿಯ ಶ್ರೇಣೀಕರಣ: ಸಮತಲ ಎಕ್ಸ್‌ಎಂಎಲ್ ದತ್ತಾಂಶದಿಂದ ಒಳಪಟ್ಟಿಗಳ ರಚನೆ

ಕರ್ನಾಟಕದ ಶಾಸನಗಳನ್ನು ತಾಲ್ಲೂಕು ಹಾಗೂ ಕ್ರಮಸಂಖ್ಯೆಯ ಮೂಲಕ ಗುರುತಿಸುವ ಪದ್ಧತಿ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಿಂದ ನೆಲೆಗೊಂಡಿತು. ೧೮೯೪ರಲ್ಲಿ ಪ್ರಕಟವಾದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಒಟ್ಟಿಗೆ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ಗುಂಡ್ಲುಪೇಟೆಯೊಡನೆ ಮೂರನೆಯ ಸಂಪುಟಕ್ಕೂ (೧೯೭೪), ತಿ. ನರಸೀಪುರ ಮೈಸೂರು ತಾಲ್ಲೂಕಿನೊಡನೆ ಐದನೆಯ ಸಂಪುಟಕ್ಕೂ (೧೯೭೬) ಸೇರಿದವು. ಶಾಸನ ಅದೇ, ಊರೂ ಅದೇ. ವರ್ಗೀಕರಣ ಮಾತ್ರ ಬೇರೆ. ಗಣಕದಲ್ಲಿ ಶಾಸನಸೂಚಿ ಸಿದ್ಧಪಡಿಸುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಊರು ಎಂದು ದತ್ತಾಂಶವನ್ನೇ ಒಂದರೊಳಗೊಂದು ಅಡಕಗೊಳಿಸಿ ಬರೆದಿಟ್ಟರೆ ಒಂದೇ ವರ್ಗೀಕರಣ ಸ್ಥಿರವಾಗಿಬಿಡುತ್ತದೆ. ಇದಕ್ಕೆ ಬದಲಾಗಿ ಎಲ್ಲ ದಾಖಲೆಗಳನ್ನೂ ಒಂದೇ ಮಟ್ಟದಲ್ಲಿರಿಸಿ, ಪ್ರತಿ ದಾಖಲೆಗೂ ಅದರ ಗುರುತುಸಂಖ್ಯೆಯನ್ನೂ ಅದು ಸೇರುವ ಜನಕ ದಾಖಲೆಯ ಗುರುತುಸಂಖ್ಯೆಯನ್ನೂ ಕೊಡಬಹುದು. ಎಕ್ಸ್‌ಎಂಎಲ್ ಕಡತದಲ್ಲಿ ಇವೆರಡೂ ದಾಖಲೆಯ ಗುಣಲಕ್ಷಣಗಳಾಗಿರುತ್ತವೆ. ಉದಾಹರಣೆಗೆ:

ಗುರುತು ೧, ಜನಕ ೦ – ಮೈಸೂರು ಜಿಲ್ಲೆ
ಗುರುತು ೨, ಜನಕ ೧ – ನಂಜನಗೂಡು ತಾಲ್ಲೂಕು
ಗುರುತು ೩, ಜನಕ ೧ – ತಿ. ನರಸೀಪುರ ತಾಲ್ಲೂಕು
ಗುರುತು ೪, ಜನಕ ೨ – ಹುಲ್ಲಹಳ್ಳಿ ಹೋಬಳಿ
ಗುರುತು ೫, ಜನಕ ೩ – ತಲಕಾಡು ಹೋಬಳಿ
ಗುರುತು ೬, ಜನಕ ೫ – ತಲಕಾಡು

ಜನಕ ಸಂಖ್ಯೆ ೦ ಆಗಿರುವುದು ಮೂಲ ದಾಖಲೆ. ಪ್ರತಿ ಶಾಸನವೂ ತನ್ನ ಊರನ್ನು ಜನಕವಾಗಿ ಹೊಂದಿ ಇದೇ ಸಾಲಿಗೆ ಸೇರುತ್ತದೆ.

ಇದನ್ನು ಒಳಪಟ್ಟಿಗಳಾಗಿ ಪರಿವರ್ತಿಸುವ ಕೆಲಸ ಪಿಎಚ್‌ಪಿ ಭಾಷೆಯಲ್ಲಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ, ೨೦೦೪ರಲ್ಲಿ ಬಂದ ಐದನೆಯ ಆವೃತ್ತಿಯಿಂದ ಲಭ್ಯವಿರುವ ಸಿಂಪಲ್‌ಎಕ್ಸ್‌ಎಂಎಲ್ ಸೌಲಭ್ಯದ ಮೂಲಕ ಕಡತವನ್ನು ಒಮ್ಮೆ ಮಾತ್ರ ಓದಿ, ಜನಕ ಸಂಖ್ಯೆಗೆ ಅನುಗುಣವಾಗಿ ದಾಖಲೆಗಳನ್ನು ಗುಂಪುಗೂಡಿಸಬೇಕು. ಮೇಲಿನ ಉದಾಹರಣೆಯಲ್ಲಿ ೧ರ ಗುಂಪಿನಲ್ಲಿ ಎರಡು ತಾಲ್ಲೂಕುಗಳು ಬರುತ್ತವೆ. ಎರಡನೆಯ ಹಂತದಲ್ಲಿ, ತನ್ನನ್ನು ತಾನೇ ಕರೆದುಕೊಳ್ಳುವ ಒಂದು ಕಾರ್ಯಘಟಕ ೦ಯ ಗುಂಪಿನಿಂದ ಆರಂಭಿಸಿ ಪ್ರತಿ ಹೆಸರನ್ನು ಮುದ್ರಿಸುತ್ತದೆ. ಆ ಹೆಸರಿಗೆ ಜನ್ಯ ದಾಖಲೆಗಳಿದ್ದರೆ ಆ ಗುಂಪಿಗಾಗಿ ಮತ್ತೆ ಅದೇ ಕೆಲಸವನ್ನು ಮಾಡುತ್ತದೆ. ಒಳಪಟ್ಟಿಯನ್ನು ಜನಕದ ಪಟ್ಟಿ-ಅಂಶ ಮುಚ್ಚುವ ಮೊದಲೇ ಬರೆಯಬೇಕು. ಅಂಶದ ಹೊರಗೆ ಬರೆದರೆ ಶ್ರೇಣಿ ಕೆಡುತ್ತದೆ. ಗುಂಪುಗೂಡಿಸದೆ ಪ್ರತಿ ದಾಖಲೆಗೂ ಇಡೀ ಕಡತವನ್ನು ಹುಡುಕಿದರೆ ಸಾವಿರ ದಾಖಲೆಗಳಿಗೆ ಹತ್ತು ಲಕ್ಷ ಹೋಲಿಕೆಗಳು ಬೇಕಾಗುತ್ತವೆ.

ಕನ್ನಡ ದತ್ತಾಂಶಕ್ಕೆ ವಿಶಿಷ್ಟವಾದ ತೊಡಕೊಂದಿದೆ. ಪಿಎಚ್‌ಪಿ ಕನ್ನಡ ಅಂಕಿಗಳನ್ನು ಸಂಖ್ಯೆಗಳೆಂದು ಗ್ರಹಿಸುವುದಿಲ್ಲ. ಕನ್ನಡ ಅಂಕಿಯ ಗುರುತನ್ನು ಪೂರ್ಣಾಂಕಕ್ಕೆ ಪರಿವರ್ತಿಸಿದರೆ ದೊರೆಯುವುದು ಸೊನ್ನೆ. ಆಗ ಎಲ್ಲ ಶಾಸನಗಳೂ ಜಿಲ್ಲೆಯ ಸಾಲಿಗೇ ಬಂದು ನಿಲ್ಲುತ್ತವೆ. ಆದುದರಿಂದ ಗುರುತು ಮತ್ತು ಜನಕಗಳನ್ನು ಪಠ್ಯರೂಪದಲ್ಲಿಯೇ ಬಳಸಬೇಕು.

ಇದಕ್ಕಿಂತ ಗಂಭೀರವಾದುದು ದಾಖಲೆಗಳ ಮೌನನಷ್ಟ. ಜನಕದ ಸಂಖ್ಯೆ ತಪ್ಪಾಗಿ, ಅಂಥ ದಾಖಲೆಯೇ ಇಲ್ಲದಿದ್ದರೆ ಆ ಊರು ಮತ್ತು ಅದರ ಶಾಸನಗಳೆಲ್ಲ ಪಟ್ಟಿಯಿಂದ ಕಾಣೆಯಾಗುತ್ತವೆ. ಎರಡು ದಾಖಲೆಗಳು ಪರಸ್ಪರ ಜನಕಗಳಾದರೂ ಮೂಲದಿಂದ ಅವನ್ನು ತಲುಪುವ ದಾರಿ ಇರುವುದಿಲ್ಲ. ಯಾವ ದೋಷಸೂಚನೆಯೂ ಬರುವುದಿಲ್ಲ. ಸೂಚಿ ಸಮಗ್ರವೆಂದೇ ತೋರುತ್ತದೆ. ಸೂಚಿಯಲ್ಲಿ ಇಲ್ಲದ ಶಾಸನವನ್ನು ಸಂಶೋಧಕರು ಇಲ್ಲವೆಂದೇ ಭಾವಿಸುವ ಸಂಭವವಿರುವುದರಿಂದ, ಮುದ್ರಿತವಾದ ಅಂಶಗಳ ಒಟ್ಟು ಸಂಖ್ಯೆಯನ್ನು ಕಡತದ ದಾಖಲೆಗಳ ಸಂಖ್ಯೆಯೊಡನೆ ತಾಳೆನೋಡುವುದು ಅನಿವಾರ್ಯ.

ಈ ಎಚ್ಚರ ವಹಿಸಿದರೆ ಸಮತಲ ವಿನ್ಯಾಸದ ಪ್ರಯೋಜನ ಸ್ಪಷ್ಟವಾಗುತ್ತದೆ. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಗುಂಡ್ಲುಪೇಟೆ ಮೈಸೂರು ಜಿಲ್ಲೆಯಿಂದ ಹೊರಬಂದಿತು. ಇಂಥ ಬದಲಾವಣೆಗೆ ಹೊಸ ಜಿಲ್ಲೆಯ ಒಂದು ದಾಖಲೆ ಸೇರಿಸಿ, ತಾಲ್ಲೂಕಿನ ಜನಕ ಸಂಖ್ಯೆಯನ್ನು ತಿದ್ದಿದರೆ ಸಾಕು. ಅದರ ಊರುಗಳೂ ಶಾಸನಗಳೂ ತಾವಾಗಿ ಹೊಸ ಸ್ಥಾನಕ್ಕೆ ಬರುತ್ತವೆ. ಅಷ್ಟೇ ಅಲ್ಲದೆ ‘ಶಾಸನಕಾಲದ ಜನಕ’ ಎಂಬ ಮತ್ತೊಂದು ಗುಣಲಕ್ಷಣವನ್ನೂ ಶಾಸನದ ದಾಖಲೆಗೆ ಸೇರಿಸಬಹುದು. ಗಂಗರ ಕಾಲದಲ್ಲಿ ಗಂಗವಾಡಿ ೯೬೦೦೦ದ ರಾಜಧಾನಿಯಾಗಿದ್ದ ತಲಕಾಡು, ಚೋಳರ ಆಳ್ವಿಕೆಯಲ್ಲಿ ರಾಜರಾಜಪುರವೆನಿಸಿತು. ಅಲ್ಲಿನ ಒಂದು ಚೋಳ ಶಾಸನ ಇಂದಿನ ಆಡಳಿತದ ಪಟ್ಟಿಯಲ್ಲಿ ತಿ. ನರಸೀಪುರದ ಅಡಿಯಲ್ಲಿಯೂ, ಐತಿಹಾಸಿಕ ಪಟ್ಟಿಯಲ್ಲಿ ರಾಜರಾಜಪುರದ ಅಡಿಯಲ್ಲಿಯೂ ಕಾಣಿಸಿಕೊಳ್ಳಬಲ್ಲದು. ಕಡತವೂ ಒಂದೇ, ಕಾರ್ಯಘಟಕವೂ ಒಂದೇ. ಯಾವ ಜನಕವನ್ನು ಅನುಸರಿಸಬೇಕೆಂಬುದನ್ನು ಮಾತ್ರ ಸಂಶೋಧಕರು ನಿರ್ಧರಿಸಬೇಕಾಗುತ್ತದೆ.