ಗಾಳದ ಗಂಟು

ಗಾಳ ಹಾಕಿ ಕುಳಿತವನ ತಾಳ್ಮೆಯನ್ನು ಹೊಗಳುವವರು ಅನೇಕರು. ಅವನ ಕೋಲನ್ನು ಮೆಚ್ಚುವವರುಂಟು. ಎರೆಯ ಗುಟ್ಟನ್ನು ಕೇಳಿ ತಿಳಿಯುವವರೂ ಉಂಟು. ಆದರೆ ದಾರವನ್ನು ಗಾಳಕ್ಕೆ ಬಿಗಿದಿರುವ, ಜೋಳದ ಕಾಳಿನಷ್ಟು ಗಾತ್ರದ ಗಂಟಿನ ಕಡೆಗೆ ಕಣ್ಣು ಹಾಯಿಸುವವರು ವಿರಳ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದಾಗ ಮಾತ್ರ ಅದರ ನೆನಪಾಗುತ್ತದೆ.

1946ರಲ್ಲಿ ಮೈಸೂರಿನ ಡಿವೆಟ್ ವಾನ್ ಇಂಗೆನ್ ಅವರು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗುವ ಮಹಶೀರ್ ಮೀನನ್ನು ಗಾಳದಿಂದ ಹಿಡಿದು ದಾಖಲೆ ಸ್ಥಾಪಿಸಿದರು. ಕಾವೇರಿ ತೀರದ ಜನ ಬಿಳಿಮೀನು ಎಂದು ಕರೆಯುವುದು ಇದನ್ನೇ. ಹರಿಯುವ ನೀರಿನ ಸೆಳೆತವನ್ನೂ ಬೆನ್ನಿಗೆ ಕಟ್ಟಿಕೊಂಡು ಬಂಡೆಗಳ ನಡುವೆ ನುಗ್ಗುವ ಅಂಥ ಮೀನಿಗೂ ದಡದ ಮೇಲಿನ ಮನುಷ್ಯನಿಗೂ ಇರುವ ಸಂಬಂಧ ಒಂದು ಎಳೆಯದು. ಆ ಎಳೆಯ ಮಾನ ಉಳಿಯುವುದು ಗಂಟಿನಿಂದ.

ಗಂಟಿನ ಸೋಲು ಎಲ್ಲಿ?

ನೇರವಾಗಿ ನಿಂತ ದಾರದಲ್ಲಿ ಭಾರವು ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ. ಗಂಟು ಹಾಕಿದೊಡನೆ ಆ ಸಮತೆ ಕೆಡುತ್ತದೆ. ತಿರುವಿನ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಒಂದು ಸುತ್ತು ಇನ್ನೊಂದನ್ನು ಅದುಮಿ ಕೊರೆಯುತ್ತದೆ. ಆದ್ದರಿಂದ ಬಹುಪಾಲು ಗಂಟುಗಳು ದಾರದ ಪೂರ್ಣ ಬಲಕ್ಕಿಂತ ಮೊದಲೇ ಸೋಲುತ್ತವೆ. ಒಣಗಿದ ದಾರವನ್ನು ರಭಸದಿಂದ ಬಿಗಿದರಂತೂ ಉಜ್ಜಿದ ಕಾವಿಗೆ ಎಳೆಯ ಮೈಯೇ ಕೆಡುತ್ತದೆ. ಅದಕ್ಕೆಂದೇ ನುರಿತವರು ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ, ಸಾವಕಾಶವಾಗಿ ಎಳೆಯುತ್ತಾರೆ.

ನೈಲಾನ್ ಎಳೆ

ಒಂದು ಕಾಲದಲ್ಲಿ ಕುದುರೆಯ ಬಾಲದ ಕೂದಲು, ರೇಷ್ಮೆಯ ಹುರಿ, ರೇಷ್ಮೆಹುಳುವಿನ ಒಡಲಿನಿಂದ ಎಳೆದು ತೆಗೆದ ತಂತು, ಇವೇ ಗಾಳದ ದಾರಗಳಾಗಿದ್ದವು. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯು ನೈಲಾನನ್ನು ಲೋಕಕ್ಕೆ ಪರಿಚಯಿಸಿದ ಮೇಲೆ ಅವುಗಳ ಕಾಲ ಮುಗಿಯುತ್ತ ಬಂದಿತು.

ನೈಲಾನ್ ಮೃದು ಸ್ವಭಾವದ್ದು. ಎಳೆದರೆ ಹಿಗ್ಗುತ್ತದೆ, ನೀರನ್ನು ಅಷ್ಟಿಷ್ಟು ಹೀರಿ ತುಸು ಬಲವನ್ನೂ ಕಳೆದುಕೊಳ್ಳುತ್ತದೆ. ಸುತ್ತುಗಳು ಒಂದನ್ನೊಂದು ಚೆನ್ನಾಗಿ ಕಚ್ಚುವುದರಿಂದ ‘ಸುಧಾರಿತ ಕ್ಲಿಂಚ್’ ಎಂಬ ಗಂಟು ಇದಕ್ಕೆ ಒಗ್ಗುತ್ತದೆ. ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಮುಖ್ಯ ದಾರದ ಮೇಲೆ ಐದಾರು ಸುತ್ತು ಸುತ್ತಬೇಕು. ಬಳಿಕ ತುದಿಯನ್ನು ಕಣ್ಣಿನ ಬಳಿ ಉಳಿದ ಚಿಕ್ಕ ಕುಣಿಕೆಯೊಳಗೆ ನುಗ್ಗಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ಹಾಯಿಸಿ, ಒದ್ದೆ ಮಾಡಿ ಬಿಗಿಯಬೇಕು. ದಾರ ದಪ್ಪವಾದಷ್ಟೂ ಸುತ್ತು ಕಡಿಮೆಯಿರಬೇಕು; ಇಲ್ಲವಾದರೆ ಗಂಟು ಕೂಡಿಕೊಳ್ಳುವುದೇ ಇಲ್ಲ.

ಹೆಣೆದ ದಾರ

ಪಾಲಿಎಥಿಲೀನಿನ ಸೂಕ್ಷ್ಮ ಎಳೆಗಳನ್ನು ಜಡೆಯಂತೆ ಹೆಣೆದ ದಾರವು ಗಾತ್ರದಲ್ಲಿ ಕೃಶ, ಬಲದಲ್ಲಿ ಭೀಮ. ಆದರೆ ಅದರ ಮೈ ಬಲು ನುಣುಪು. ನೈಲಾನಿಗೆ ಹಾಕುವ ಗಂಟನ್ನೇ ಇದಕ್ಕೆ ಹಾಕಿದರೆ ದಾರ ತುಂಡಾಗುವುದಿಲ್ಲ. ಗಂಟೇ ಮೆಲ್ಲನೆ ಜಾರಿಹೋಗುತ್ತದೆ.

ಇದಕ್ಕೆ ಹೇಳಿಸಿದ ಗಂಟು ‘ಪಾಲೋಮಾರ್’. ದಾರವನ್ನು ಜೋಡಿಯಾಗಿ ಮಡಿಚಿ ಗಾಳದ ಕಣ್ಣಿನಲ್ಲಿ ತೂರಿಸಬೇಕು. ಆ ಜೋಡಿ ದಾರದಲ್ಲಿಯೇ ಸಡಿಲವಾಗಿ ಒಂದು ಸಾಮಾನ್ಯ ಗಂಟು ಹಾಕಿ, ತುದಿಯಲ್ಲಿ ಉಳಿದ ಕುಣಿಕೆಯನ್ನು ಇಡೀ ಗಾಳದ ಮೇಲೆ ದಾಟಿಸಿ ಎಳೆದರೆ ಮುಗಿಯಿತು. ಕಣ್ಣಿನಲ್ಲಿ ಎರಡು ಎಳೆ ಇರುವುದೇ ಇದರ ಬಲ. ಇನ್ನೊಂದು ‘ಯೂನಿ’ ಗಂಟು. ಕಣ್ಣಿನಿಂದ ಬಂದ ತುದಿಯನ್ನು ಮುಖ್ಯ ದಾರದ ಪಕ್ಕದಲ್ಲಿ ಇಟ್ಟು, ಹಿಂದಕ್ಕೆ ಮಡಿಚಿ ಕುಣಿಕೆ ಮಾಡಿ, ಆ ಕುಣಿಕೆಯ ಒಳಗಿನಿಂದ ಎರಡೂ ಎಳೆಗಳನ್ನು ಬಳಸಿ ಸುತ್ತಿ ಬಿಗಿಯುವುದು ಇದರ ಕ್ರಮ. ನೈಲಾನಿಗೆ ಐದು ಸುತ್ತು ಸಾಕಾದರೆ ಹೆಣೆದ ದಾರಕ್ಕೆ ಎಂಟು ಬೇಕು.

ಕಾಣದ ಎಳೆ

ಮೂರನೆಯದು ಫ್ಲೋರೋಕಾರ್ಬನ್. ಬೆಳಕನ್ನು ಬಾಗಿಸುವ ಗುಣದಲ್ಲಿ ಇದು ನೀರಿಗೆ ಸಮೀಪ: ನೀರಿನ ವಕ್ರೀಭವನಾಂಕ 1.33, ಇದರದು ಸುಮಾರು 1.42. ಅದರಿಂದ ನೀರಿನೊಳಗೆ ಸುಲಭವಾಗಿ ಕಣ್ಣಿಗೆ ಬೀಳದು. ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ, ನೀರನ್ನು ಹೀರುವುದಿಲ್ಲ. ಆದರೆ ಮೈ ಬಿರುಸು. ಗಂಟಿಗೆ ಸುಲಭವಾಗಿ ಮಣಿಯುವುದಿಲ್ಲ. ಪಾಲೋಮಾರ್, ಯೂನಿ ಎರಡೂ ಇದಕ್ಕೆ ಸಲ್ಲುತ್ತವೆ; ಆದರೆ ಆತುರದಲ್ಲಿ ಬಿಗಿಯುವವನನ್ನು ಇದು ಕ್ಷಮಿಸುವುದಿಲ್ಲ. ಹೆಣೆದ ದಾರದ ತುದಿಗೆ ಈ ಎಳೆಯನ್ನು ಒಂದೆರಡು ಮಾರು ಸೇರಿಸುವ ರೂಢಿಯುಂಟು. ಆಗ ಎರಡು ಯೂನಿ ಗಂಟುಗಳನ್ನು ಎದುರುಬದುರಾಗಿ ಹಾಕಿ, ಒಂದಕ್ಕೊಂದು ತಾಗುವಂತೆ ಎಳೆದು ಕೂಡಿಸುತ್ತಾರೆ.

ಪರೀಕ್ಷೆ

ಯಾವ ಗಂಟು ಉತ್ತಮವೆಂಬ ವಾದವನ್ನು ಮನೆಯ ಅಂಗಳದಲ್ಲಿಯೇ ತೀರಿಸಿಕೊಳ್ಳಬಹುದು. ಗಾಳದ ಚೂಪಾದ ಮೊನೆಯ ಅಪಾಯವಿಲ್ಲದಂತೆ ದಾರವನ್ನು ಒಂದು ಉಂಗುರಕ್ಕೆ ಕಟ್ಟಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಒಂದೇ ಸಮನೆ ಎಳೆಯಬೇಕು. ಸೋತ ದಾರದ ತುದಿ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿತೆಂದು ಅರ್ಥ. ನೇರವಾಗಿ ಕತ್ತರಿಸಿದಂತಿದ್ದರೆ ಎಳೆ ತುಂಡಾಯಿತೆಂದು ಅರ್ಥ. ಮೊದಲನೆಯದಕ್ಕೆ ಸುತ್ತು ಹೆಚ್ಚಿಸುವುದೇ ಔಷಧ. ಎರಡನೆಯದಕ್ಕೆ ಗಂಟು ಬದಲಿಸುವುದು, ಇಲ್ಲವೇ ತಾಳ್ಮೆಯಿಂದ ಬಿಗಿಯುವುದು. ನೀರಿನ ಬಳಿಯಲ್ಲಿಯೂ ದೊಡ್ಡ ಮೀನೊಂದರ ಎಳೆದಾಟ ಮುಗಿದ ಮೇಲೆ ದಾರದ ಕೊನೆಯ ಮಾರನ್ನು ಬೆರಳ ನಡುವೆ ಸವರಿ ನೋಡಬೇಕು. ತರಿ ತಗುಲಿದರೆ ಆ ಭಾಗವನ್ನು ಕತ್ತರಿಸಿ ಹೊಸ ಗಂಟು ಹಾಕುವುದೇ ಲೇಸು.

ಇದು ಕೇವಲ ಹಿಡಿಯುವವನ ಲಾಭನಷ್ಟದ ಮಾತಲ್ಲ. ಗಂಟು ಜಾರಿದರೆ ಮನುಷ್ಯ ಕಳೆದುಕೊಳ್ಳುವುದು ಒಂದು ಹೊತ್ತಿನ ಸಂತೋಷವನ್ನು. ಮೀನಾದರೋ ಬಾಯಲ್ಲಿ ಕಬ್ಬಿಣವನ್ನು ಹೊತ್ತುಕೊಂಡು ಹೋಗುತ್ತದೆ; ದಾರವೂ ತುಂಡಾಗಿದ್ದರೆ ಅದರ ಎಳೆ ಬಂಡೆಗೋ ಬೇರಿಗೋ ತೊಡರಬಹುದು. ಕಾವೇರಿಯ ಬೆನ್ನುಬ್ಬಿದ ಮಹಶೀರ್ ತಳಿಯನ್ನು 2018ರಲ್ಲಿ ತೀವ್ರ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಂಥ ನೀರಿಗೆ ಗಾಳವನ್ನೇ ಇಳಿಸದಿರುವುದು ಮೇಲು. ಅನುಮತಿಯುಳ್ಳ ಕೆರೆಗೆ ಇಳಿಸುವವನಿಗಾದರೂ ಒಳ್ಳೆಯ ಗಂಟು ಜಾಣತನ ಮಾತ್ರವಲ್ಲ, ಎದುರಾಳಿಗೆ ಸಲ್ಲಿಸಬೇಕಾದ ಮರ್ಯಾದೆ. ಅದಕ್ಕೆ ತಗಲುವ ಕಾಲ ಅರ್ಧ ನಿಮಿಷ. ಬೇಕಾಗುವ ಸಾಮಗ್ರಿ ಒಂದು ತೊಟ್ಟು ನೀರು.