ಎದೆಯ ದೂರೋ, ಮನಸ್ಸಿನ ದುಗುಡವೋ?

ಮನೆಯಲ್ಲಿ ದಖನಿ ಉರ್ದು ಆಡುವ ಹದಿನಾರರ ಹುಡುಗಿಯೊಬ್ಬಳು ಆಸ್ಪತ್ರೆಗೆ ಬಂದು ‘ದಿಲ್ ಘಬರಾತಾ’ ಎನ್ನುತ್ತಾಳೆಂದುಕೊಳ್ಳಿ. ಪದಗಳನ್ನಷ್ಟೇ ಹಿಡಿದರೆ ಅದು ಹೃದಯದ ದೂರು. ಇ.ಸಿ.ಜಿ. ತೆಗೆಸಿ, ‘ಏನೂ ಇಲ್ಲ ಹೋಗಮ್ಮ’ ಎಂದು ಕಳುಹಿಸಿಬಿಡಬಹುದು. ಆದರೆ ಆ ಮಾತಿನೊಳಗೆ ಆತಂಕ, ದುಗುಡ, ನಿದ್ದೆಯಿಲ್ಲದ ರಾತ್ರಿಗಳು ಅಡಗಿರಬಹುದು. ಕನ್ನಡದಲ್ಲಿ ‘ಹೊಟ್ಟೆಯೊಳಗೆ ಏನೋ ಸಂಕಟ’ ಎನ್ನುವುದಿಲ್ಲವೇ, ಹಾಗೆಯೇ ಇದು. ಲಂಬಾಣಿ, ಬ್ಯಾರಿ, ಸೋಲಿಗರ ಮಕ್ಕಳಿಗೂ ನೋವು ಹೇಳಿಕೊಳ್ಳಲು ತಮ್ಮದೇ ನುಡಿಗಟ್ಟುಗಳಿವೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅಲ್ಪಸಂಖ್ಯಾತ ಸಮುದಾಯದ ಮಕ್ಕಳಿಗೆ ಪರೀಕ್ಷೆಯ ಭಯ, ಪ್ರೇಮ, ನಿರುದ್ಯೋಗದ ಚಿಂತೆಗಳ ಜೊತೆಗೆ ಇನ್ನೊಂದು ಭಾರವೂ ಸೇರಬಹುದು: ಹೆಸರು, ಉಡುಪು, ಊಟದ ಬಗ್ಗೆ ಕೇಳಬೇಕಾದ ಚುಚ್ಚುಮಾತು.

ಆದ್ದರಿಂದ ಆಪ್ತ ಸಲಹೆಗಾರರಿಗೆ ರೋಗಲಕ್ಷಣಗಳ ಪಾಠವೊಂದೇ ಸಾಲದು. ಅವರು ಕಲಿಯಬೇಕಾದ ನಾಲ್ಕು ಸಂಗತಿಗಳಿವೆ.

ಒಂದು, ಭಾಷೆ ಬಾರದಿದ್ದರೆ ತರಬೇತಾದ ದುಭಾಷಿಯ ನೆರವು ಪಡೆಯುವುದು. ಅಪ್ಪನನ್ನೋ ಅಣ್ಣನನ್ನೋ ನಡುವೆ ಕೂರಿಸಿದರೆ ಹುಡುಗಿ ಬಾಯಿ ಬಿಡುವುದು ಕಷ್ಟ.

ಎರಡು, ಅವಮಾನದ ಕಥೆಯನ್ನು ‘ಅದೆಲ್ಲ ನಿನ್ನ ಕಲ್ಪನೆ’ ಎಂದು ತಳ್ಳಿಹಾಕದೆ ಕೇಳುವುದು.

ಮೂರು, ಎಲ್ಲಕ್ಕೂ ಧರ್ಮವನ್ನೇ ಕಾರಣವೆಂದು ಊಹಿಸದಿರುವುದು. ಮನೆಯವರು ದರ್ಗಾಕ್ಕೋ ಚರ್ಚಿಗೋ ಹೋಗುತ್ತಿದ್ದರೆ ಹೀಯಾಳಿಸದೆ, ಚಿಕಿತ್ಸೆಯನ್ನೂ ನಿಲ್ಲಿಸದಂತೆ ಒಪ್ಪಿಸುವುದು.

ನಾಲ್ಕು, ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಜೀವಕ್ಕೆ ಅಪಾಯವಿದ್ದಾಗ ಯಾರಿಗೆ ತಿಳಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಬಿಡಿಸಿ ಹೇಳುವುದು.

ಇದು ಬರೀ ಸೌಜನ್ಯದ ಮಾತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಧರ್ಮ, ಜಾತಿ, ಲಿಂಗ, ಸಂಸ್ಕೃತಿಯ ಭೇದವಿಲ್ಲದ ಚಿಕಿತ್ಸೆಯನ್ನು ಹಕ್ಕಾಗಿಸಿದೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಚಿಕಿತ್ಸೆಯ ವಿವರ ನೀಡಬೇಕೆಂದೂ ಅದು ಹೇಳುತ್ತದೆ.

ನೀವೇನು ಮಾಡಬಹುದು? ಮಗ ಅಥವಾ ಮಗಳು ಮಂಕಾಗಿದ್ದರೆ, ಊಟ, ನಿದ್ದೆ, ಗೆಳೆಯರ ಸಹವಾಸ ಬಿಟ್ಟಿದ್ದರೆ ‘ಸೋಮಾರಿತನ’ ಎಂದು ಗದರಬೇಡಿ. ಸಲಹೆಗಾರರ ಬಳಿ ಕರೆದೊಯ್ದಾಗ ‘ನಮ್ಮ ಮಾತು ನಿಮಗೆ ತಿಳಿಯುತ್ತದೆಯೇ?’ ಎಂದು ಕೇಳಲು ಸಂಕೋಚ ಬೇಡ. ಸ್ವಲ್ಪ ಹೊತ್ತು ಮಗುವನ್ನು ಅವರೊಡನೆ ಒಂಟಿಯಾಗಿ ಮಾತನಾಡಲು ಬಿಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಕನ್ನಡವಲ್ಲದೆ ಬೇರೆ ಭಾಷೆಗಳಲ್ಲೂ ಮಾತನಾಡಬಹುದು. ಸಾಯುವ ಮಾತು ಬಾಯಿಗೆ ಬಂದರಂತೂ ನಾಳೆಗೆ ಮುಂದೂಡದೆ, ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರನ್ನು ಕಾಣಿ.